ಪುಟ್ಟ ಕ್ಯಾಂಪರ್ ಟ್ರೇಲರ್ ಒಳಗೆ ನೀರು ಬರುತ್ತಿದೆ, ಎಲ್ಲಿಂದ ಅಂತ ಗೊತ್ತಾಗುತ್ತಿಲ್ಲ

ಗಾಲಿಮನೆ_ಆರ್‌ಆರ್‌ನಗರ · ಅಕ್ಟೋಬರ್ 3

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ನಾವು ಒಂದು ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ಟ್ರೇಲರ್ ತೊಗೊಂಡೆವು. ಹತ್ತು ಅಡಿ ಉದ್ದ, ಆರು ಅಡಿ ಅಗಲ. ಕಬ್ಬಿಣದ ಚಾಸಿ, ಅದರ ಮೇಲೆ ಮರದ ರೀಪರ್ (ಉದ್ದ ಪಟ್ಟಿ) ಚೌಕಟ್ಟು. ಹೊರಗೆ ಅಲ್ಯೂಮಿನಿಯಂ ಶೀಟು, ಒಳಗೆ ಪ್ಲೈವುಡ್, ಮಧ್ಯೆ ಥರ್ಮಾಕೋಲ್. ಇಲ್ಲೇ ಬೆಂಗಳೂರಿನ ಒಂದು ಶೆಡ್‌ನಲ್ಲಿ ಕಟ್ಟಿಸಿದ್ದಂತೆ. ನಾನು, ನಮ್ಮ ಮನೆಯವರು, ಮಗಳು, ಮೂರು ಜನಕ್ಕೆ ಸರಿಹೋಗುತ್ತದೆ.

ಜುಲೈನಲ್ಲಿ ಸಕಲೇಶಪುರಕ್ಕೆ ಹೋಗಿ ಬಂದ ಮೇಲೆ ಒಳಗೆ ಮುಗ್ಗಲು ವಾಸನೆ ಶುರುವಾಯಿತು. ಹಾಸಿಗೆ ಎತ್ತಿ ನೋಡಿದರೆ ಮುಂದಿನ ಎಡ ಮೂಲೆಯಲ್ಲಿ, ಕಿಟಕಿಯ ಕೆಳಗೆ, ಟೀ ಚೆಲ್ಲಿದ ಹಾಗೆ ಕಂದು ಕಲೆ. ಕಿಟಕಿಯೇ ಸೋರುತ್ತಿದೆ ಅಂದುಕೊಂಡು ಮನೆಯವರು ಅದರ ಸುತ್ತ ಸಿಲಿಕೋನ್ ಹೊಡೆದರು. ಆಗಸ್ಟ್‌ನಲ್ಲಿ ಮತ್ತೆ ನೀರು. ಇನ್ನೊಂದು ಟ್ಯೂಬ್ ಹೊಡೆದೆವು. ಈ ಸಲ ಕಿಟಕಿಯ ಕೆಳಪಟ್ಟಿಯಲ್ಲಿದ್ದ ಸಣ್ಣ ತೂತುಗಳನ್ನೂ ಮುಚ್ಚಿದೆವು. ಹೋದ ವಾರದ ಮಳೆಗೆ ಮೊದಲಿಗಿಂತ ಜಾಸ್ತಿ ನೀರು ಬಂದಿದೆ. ಹಾಸಿಗೆಯ ಅಡಿಯ ಪ್ಲೈವುಡ್ ಬೆರಳಿನಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಮಗಳಿಗೆ ಉಬ್ಬಸ ಇದೆ. ಅವಳನ್ನು ಅಲ್ಲಿ ಮಲಗಿಸುವುದಕ್ಕೆ ಭಯ. ಎಲ್ಲಿಂದ ಶುರು ಮಾಡಬೇಕು ಅಂತ ದಯವಿಟ್ಟು ಹೇಳಿ.

ಕಲಾಸಿಪಾಳ್ಯ_ಬಾಡಿಕೆಲಸ · ಅಕ್ಟೋಬರ್ 3

ಮೇಡಂ, ನಾನು ಬಸ್ ಬಾಡಿ ಕಟ್ಟುವ ಶೆಡ್‌ಗಳಲ್ಲಿ 22 ವರ್ಷ ಕೆಲಸ ಮಾಡಿದವನು. ಮೊದಲು ಒಂದು ಕೆಲಸ ಮಾಡಿ. ಕಿಟಕಿಯ ಕೆಳಪಟ್ಟಿಯ ತೂತುಗಳನ್ನು ಇವತ್ತೇ ಬಿಡಿಸಿ. ಅವು ಸುಮ್ನೆ ಇರುವ ತೂತುಗಳಲ್ಲ. ಸ್ಲೈಡಿಂಗ್ ಕಿಟಕಿಯ ಹಳಿಯೊಳಗೆ ಮಳೆ ನೀರು ಬಿದ್ದೇ ಬೀಳುತ್ತದೆ. ಅದು ಹೊರಗೆ ಹೋಗಲಿ ಅಂತ ಇಟ್ಟ ದಾರಿ ಅದು. ಅದನ್ನು ಮುಚ್ಚಿದರೆ ಹಳಿ ತುಂಬಿಕೊಂಡು ನೀರು ಒಳಗಡೆಗೆ ಉಕ್ಕುತ್ತದೆ. ನಿಮಗೆ ಈ ಸಲ ಜಾಸ್ತಿ ಬಂದಿದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಹಲ್ಲುಕಡ್ಡಿಯೋ ಸಣ್ಣ ತಂತಿಯೋ ಸಾಕು.

ಎರಡನೇ ಮಾತು. ಕಲೆ ಇರುವ ಜಾಗ ನೀರು ನಿಂತ ಜಾಗ. ನೀರು ನುಗ್ಗಿದ ಜಾಗ ಬೇರೆಯೇ ಇರುತ್ತದೆ. ಛಾವಣಿಯಲ್ಲಿ ಒಂದು ಸ್ಕ್ರೂ ತೂತಿನಿಂದ ಇಳಿದ ನೀರು ರೀಪರ್ ಹಿಡಿದುಕೊಂಡು ಐದಾರು ಅಡಿ ಆರಾಮಾಗಿ ಹರಿಯುತ್ತದೆ. ಎಲ್ಲಿ ಅಡ್ಡಪಟ್ಟಿ ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ಅಲ್ಲಿ ಪ್ಲೈವುಡ್ ಕುಡಿಯುತ್ತದೆ. ಅಲ್ಲಿ ಕಲೆ ಕಾಣುತ್ತದೆ. ಬಸ್ಸಿನಲ್ಲಿ ಮೂರನೇ ಸೀಟಿನ ಮೇಲೆ ತೊಟ್ಟಿಕ್ಕುತ್ತದೆ ಅಂತ ಕಂಪ್ಲೇಂಟ್ ಬಂದರೆ ನಾವು ಮೊದಲು ನೋಡುತ್ತಿದ್ದದ್ದು ಡ್ರೈವರ್ ತಲೆ ಮೇಲಿನ ಜಾಯಿಂಟನ್ನು.

ಅದಕ್ಕೆ ನನಗೆ ಮೂರು ವಿಷಯ ಹೇಳಿ. ನಿಲ್ಲಿಸಿದಾಗ ಟ್ರೇಲರ್ ಯಾವ ಕಡೆಗೆ ವಾಲಿರುತ್ತದೆ? ಆ ಮೂಲೆಯ ನೇರ ಮೇಲೆ, ಹೊರಗಡೆ, ಏನೇನು ಸ್ಕ್ರೂ ಹೊಡೆದು ಕೂರಿಸಿದ್ದಾರೆ? ನೀರು ಬರುವುದು ನಿಂತಿದ್ದಾಗಲೋ, ಮಳೆಯಲ್ಲಿ ಓಡಿಸಿದಾಗಲೋ?

ಗಾಲಿಮನೆ_ಆರ್‌ಆರ್‌ನಗರ · ಅಕ್ಟೋಬರ್ 4

ಅಣ್ಣ, ತೂತು ಬಿಡಿಸಿದೆ. ಬಿಡಿಸಿದ ಕೂಡಲೇ ಸುಮಾರು ಅರ್ಧ ಲೋಟ ಕಂದು ನೀರು ಹೊರಗೆ ಬಂತು. ನೋಡಿ ಹೊಟ್ಟೆ ಉರಿಯಿತು.

ಮನೆ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸುತ್ತೇವೆ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿದೆ. ಮುಂದಕ್ಕೂ ಎಡಕ್ಕೂ ವಾಲಿದೆ. ಮೇಲೆ ದೊಡ್ಡ ಮಳೆಮರ, ಛಾವಣಿ ತುಂಬ ಎಲೆ. ಎಡಗಡೆ ಛಾವಣಿಯ ಅಂಚಿನಲ್ಲಿ ಆನಿಂಗ್ ಬಟ್ಟೆ (ನೆರಳಿಗೆ ಹೊರಗೆ ಚಾಚುವ ಬಟ್ಟೆ) ಸಿಕ್ಕಿಸುವ ಉದ್ದದ ಅಲ್ಯೂಮಿನಿಯಂ ರೈಲು ಇದೆ. ಮೂಲೆಯಲ್ಲಿ ಒಂದು ಪಾರ್ಕಿಂಗ್ ಲೈಟು. ಛಾವಣಿಯ ಮಧ್ಯೆ ಗಾಳಿಕಿಂಡಿ. ನೀರು ನಿಂತಿದ್ದಾಗ ಬರುವುದು ಗ್ಯಾರಂಟಿ. ಓಡಿಸುವಾಗಿನದು ಗೊತ್ತಿಲ್ಲ.

ಹೆಸರಘಟ್ಟ_ತೋಟ · ಅಕ್ಟೋಬರ್ 4

ಇಷ್ಟೆಲ್ಲ ಯಾಕೆ? ಮನೆ ಟೆರೇಸಿಗೆ ಹೊಡೆಯುವ ವಾಟರ್‌ಪ್ರೂಫ್ ಕೋಟಿಂಗ್ ಇದೆಯಲ್ಲ, ಅದನ್ನೇ ಛಾವಣಿಗೆ ಎರಡು ಕೋಟ್ ಹೊಡೆದರೆ ಆಯ್ತು. ನಮ್ಮ ಶೆಡ್ಡಿಗೆ ಅದೇ ಮಾಡಿದ್ದೇವೆ, ನಾಲ್ಕು ವರ್ಷ ಆಯ್ತು.

ಟೂಬಿಂಗ್_ಟೇಪು · ಅಕ್ಟೋಬರ್ 5

ಸರ್, ಶೆಡ್ಡು ನಿಂತಲ್ಲೇ ನಿಂತಿರುತ್ತದೆ. ಟ್ರೇಲರ್ ರಸ್ತೆಯಲ್ಲಿ ಕುಲುಕುತ್ತದೆ. ಮೈಸೂರು ರಸ್ತೆಯ ಹಂಪ್‌ಗಳ ಮೇಲೆ ಒಂದು ಸಲ ಹೋಗಿ ಬಂದರೆ ಛಾವಣಿ ಮತ್ತು ಗೋಡೆ ಸೇರುವ ಮೂಲೆ ಒಂದಕ್ಕೊಂದು ಉಜ್ಜುತ್ತದೆ. ಅಲ್ಯೂಮಿನಿಯಂ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಪೇಂಟಿನ ಥರ ಮೇಲೆ ಕೂತ ಕೋಟಿಂಗ್ ಮೊದಲು ಬಿರುಕು ಬಿಡುವುದು ಆ ಸಂದಿನಲ್ಲೇ. ಕೂದಲೆಳೆ ಬಿರುಕು, ಕಣ್ಣಿಗೆ ಕಾಣುವುದಿಲ್ಲ. ನೀರು ಒಳಗೆ ಹೋಗುವುದಕ್ಕೆ ಅಷ್ಟು ಸಾಕು. ಒಳಗೆ ಹೋದದ್ದು ಆವಿಯಾಗಿ ಹೊರಗೆ ಬರುವುದಕ್ಕೆ ಸಾಲುವುದಿಲ್ಲ. ಮೇಡಂ, ನೀರು ನುಗ್ಗುವ ಜಾಗ ಸಿಗುವ ತನಕ ಏನನ್ನೂ ಬಳಿಯಬೇಡಿ.

ಸಿವಿಲ್_ಜಯನಗರ · ಅಕ್ಟೋಬರ್ 6

ನಾನು ಕಟ್ಟಡದ ಎಂಜಿನಿಯರ್. ಮನೆಗಳ ತೇವ ಹುಡುಕುವುದು ನನ್ನ ದಿನದ ಕೆಲಸ. ಟ್ರೇಲರ್‌ಗೂ ಅದೇ ಲೆಕ್ಕ.

ಮೊದಲು ಇದು ಸೋರಿಕೆಯೋ ಬೆವರೋ ನೋಡಿ. ಚಿಕ್ಕ ಡಬ್ಬಿಯಂಥ ಜಾಗದಲ್ಲಿ ಮೂರು ಜನ ಕಿಟಕಿ ಹಾಕಿ ಮಲಗಿದರೆ ಉಸಿರಿನ ತೇವವೆಲ್ಲ ತಣ್ಣಗಿನ ಗೋಡೆಗೆ ಹೋಗಿ ಕೂರುತ್ತದೆ. ಒಳಗೆ ಗ್ಯಾಸ್ ಸ್ಟವ್ ಹಚ್ಚಿದರೆ ಇನ್ನೂ ಜಾಸ್ತಿ, ಯಾಕೆಂದರೆ ಗ್ಯಾಸ್ ಉರಿದಾಗಲೂ ನೀರಾವಿ ಬರುತ್ತದೆ. ಬೆವರಾದರೆ ಹಾಸಿಗೆಯ ಅಡಿ ಪೂರ್ತಿ, ಎರಡೂ ಮೂಲೆಯಲ್ಲಿ, ತೆಳ್ಳಗೆ ಬೂಷ್ಟು ಬರುತ್ತದೆ. ಸೋರಿಕೆಯಾದರೆ ಒಂದೇ ಕಡೆ, ಅಂಚಿರುವ ಕಂದು ಕಲೆ ಬರುತ್ತದೆ. ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ತುಂಡನ್ನು ಕಲೆಯ ಮೇಲಿಟ್ಟು ನಾಲ್ಕೂ ಕಡೆ ಟೇಪ್ ಹಾಕಿ. ಎರಡು ದಿನ ಬಿಟ್ಟು ನೋಡಿ. ಪ್ಲಾಸ್ಟಿಕ್ಕಿನ ಹೊರಮೈ ತೇವವಾಗಿದ್ದರೆ ಗಾಳಿಯಲ್ಲಿನ ತೇವ. ಒಳಮೈ ತೇವವಾಗಿದ್ದರೆ ಮರದೊಳಗಿನಿಂದ ಬಂದದ್ದು. ನೀವು ಹೇಳಿದ್ದು ಕೇಳಿದರೆ ನಿಮ್ಮದು ಸೋರಿಕೆಯೇ.

ಮರದ ತೇವ ಅಳೆಯುವ, ಎರಡು ಮುಳ್ಳಿನ ಮಾಯಿಶ್ಚರ್ ಮೀಟರ್ ಒಂದು ತೊಗೊಳ್ಳಿ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಒಳಗಿನ ಗೋಡೆ ಪೂರ್ತಿ ಅರ್ಧ ಅರ್ಧ ಅಡಿಗೆ ಚುಚ್ಚಿ, ಸಿಕ್ಕ ನಂಬರನ್ನು ಗೋಡೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ನಮ್ಮೂರ ಮಳೆಗಾಲದಲ್ಲಿ ಒಣ ಮರವೇ 14, 15 ಪರ್ಸೆಂಟ್ ತೋರಿಸುತ್ತದೆ. ಅದಕ್ಕೆ ಹೆದರಬೇಡಿ. 20 ದಾಟಿದರೆ ಯೋಚನೆ ಮಾಡಬೇಕು. 28, 30 ಮುಟ್ಟಿದರೆ ಮರ ತಿನ್ನುವ ಶಿಲೀಂಧ್ರಕ್ಕೆ ಬೇಕಾದಷ್ಟು ನೀರು ಅಲ್ಲಿದೆ ಅಂತ ಅರ್ಥ. ಗೋಡೆಯೊಳಗೆ ವೈರು, ತಗಡು ಇದ್ದ ಕಡೆ ಮೀಟರ್ ತಪ್ಪು ತೋರಿಸಬಹುದು. ಹಾಗಾಗಿ ಒಂದು ನಂಬರ್ ನಂಬಬೇಡಿ, ನಂಬರ್‌ಗಳು ಯಾವ ಕಡೆಗೆ ಏರುತ್ತಾ ಹೋಗುತ್ತವೆ ಅಂತ ನೋಡಿ.

ಇದಕ್ಕೆಲ್ಲ ಕೈ ಹಾಕುವ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಮನೆ ಕರೆಂಟ್ ಪ್ಲಗ್ಗೂ ಕಿತ್ತಿಡಿ. ಒದ್ದೆ ಗೋಡೆಯಲ್ಲಿ ವೈರು ಇದೆ, ಮರೆಯಬೇಡಿ.

ಗಾಲಿಮನೆ_ಆರ್‌ಆರ್‌ನಗರ · ಅಕ್ಟೋಬರ್ 11

ಮೀಟರ್ ತಂದೆ. ಭಾನುವಾರ ಪೂರ್ತಿ ಅದೇ ಕೆಲಸ. ಬಲಗಡೆ ಗೋಡೆ ಎಲ್ಲ ಕಡೆ 14, 15. ಎಡಗಡೆ ಕಿಟಕಿಯ ಕೆಳಗೆ 34. ಇಲ್ಲಿಯವರೆಗೆ ನಾನು ಅಂದುಕೊಂಡ ಹಾಗೇ ಇತ್ತು. ಆದರೆ ಕಿಟಕಿಯ ಮೇಲೆ ಚುಚ್ಚಿದರೆ 26, ಇನ್ನೂ ಮೇಲೆ ಛಾವಣಿ ಹತ್ತಿರ 29. ಕಿಟಕಿ ಸೋರಿದ್ದರೆ ಕಿಟಕಿಗಿಂತ ಮೇಲೆ ಒದ್ದೆ ಆಗಬಾರದು, ಅಲ್ವಾ? ಪೆನ್ಸಿಲ್ ನಂಬರ್ ಹಿಡಿದುಕೊಂಡು ಹೋದರೆ ಅದು ಛಾವಣಿಯ ಅಂಚಿನ ಉದ್ದಕ್ಕೂ ಹಿಂದಕ್ಕೆ, ಬಾಗಿಲಿನ ಕಡೆಗೆ ಹೋಗುತ್ತದೆ.

ಅಣ್ಣ, ನೀವು ಹೇಳಿದ್ದೇ ನಿಜ. ಈಗ ಪೈಪ್ ಹಿಡಿದು ನೋಡಲಾ?

ಕಲಾಸಿಪಾಳ್ಯ_ಬಾಡಿಕೆಲಸ · ಅಕ್ಟೋಬರ್ 11

ಹಿಡಿಯಿರಿ ಮೇಡಂ. ಆದರೆ ಪ್ರೆಶರ್ ವಾಶರ್ ಬೇಡ. ಅದು ಚೆನ್ನಾಗಿರುವ ಜಾಯಿಂಟ್ ಒಳಗೂ ನೀರು ನುಗ್ಗಿಸುತ್ತದೆ. ಗಿಡಕ್ಕೆ ಹಾಕುವ ಪೈಪ್ ಸಾಕು, ನೀರು ಸುಮ್ನೆ ಹರಿಯಬೇಕು. ಕೆಳಗಿನಿಂದ ಮೇಲಕ್ಕೆ ಬನ್ನಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿಯುತ್ತದೆ, ಯಾವುದು ಕಳ್ಳ ಅಂತ ಗೊತ್ತಾಗುವುದಿಲ್ಲ. ಒಂದೊಂದು ಜಾಗಕ್ಕೂ ಹದಿನೈದು ನಿಮಿಷ ಕೊಡಿ. ಅವಸರ ಬೇಡ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ಒಳಗಿನ ಮೂಲೆಗಳಿಗೆ ರಂಗೋಲಿ ಪುಡಿ ಉದುರಿಸಿ. ನೀರು ಬಂದರೆ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ.

ಅಷ್ಟಕ್ಕೂ ಸಿಗಲಿಲ್ಲ ಅಂದರೆ ಇನ್ನೊಂದು ದಾರಿ ಇದೆ. ಎಲ್ಲ ಮುಚ್ಚಿ, ಗಾಳಿಕಿಂಡಿಗೆ ರಟ್ಟು ಕಟ್ಟಿ, ಅದರಲ್ಲಿ ಒಂದು ಫ್ಯಾನ್ ಇಟ್ಟು ಒಳಕ್ಕೆ ಗಾಳಿ ತಳ್ಳಿ. ಹೊರಗೆ ಜಾಯಿಂಟಿಗೆ ಸೋಪಿನ ನೀರು ಸವರಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸಂದು.

ಗಾಲಿಮನೆ_ಆರ್‌ಆರ್‌ನಗರ · ಅಕ್ಟೋಬರ್ 18

ಸಿಕ್ಕಿತು! ಆದದ್ದನ್ನೆಲ್ಲ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ.

ಒಳಗೆ ಮಗಳು ಮಾಸ್ಕ್ ಹಾಕಿಕೊಂಡು ಕೂರುತ್ತೇನೆ ಅಂದಳು, ನಾನು ಬಿಡಲಿಲ್ಲ. ನಾನೇ ಕೂತೆ. ಮನೆಯವರು ಹೊರಗೆ ಪೈಪ್ ಹಿಡಿದರು. ಗೋಡೆಯ ಕೆಳಗಿನ ಬೀಡಿಂಗ್, ಹದಿನೈದು ನಿಮಿಷ, ಏನೂ ಇಲ್ಲ. ಕಿಟಕಿ, ಹದಿನೈದು ನಿಮಿಷ, ಏನೂ ಇಲ್ಲ. ತೂತು ಬಿಡಿಸಿದ ಮೇಲೆ ಕಿಟಕಿ ತನ್ನ ನೀರನ್ನು ತಾನೇ ಹೊರಗೆ ಹಾಕುತ್ತಿತ್ತು. ಮೂಲೆಯ ಲೈಟು, ಏನೂ ಇಲ್ಲ. ಆಮೇಲೆ ಆನಿಂಗ್ ರೈಲಿನ ಮೇಲೆ ಹಿಂದಿನ ತುದಿಯಿಂದ ನೀರು ಬಿಟ್ಟರು. ಒಂಬತ್ತನೇ ನಿಮಿಷಕ್ಕೆ ಛಾವಣಿ ಮತ್ತು ಗೋಡೆ ಸೇರುವ ಸಂದಿಯಲ್ಲಿ ರಂಗೋಲಿ ಪುಡಿ ಬೂದು ಬಣ್ಣಕ್ಕೆ ತಿರುಗಿತು. ಸಾಸಿವೆ ಕಾಳಿನಷ್ಟು ಒಂದು ಹನಿ ಮೂಡಿತು. ಅದು ಕೆಳಗೆ ಬೀಳಲಿಲ್ಲ. ಪಟ್ಟಿಯನ್ನು ಹಿಡಿದುಕೊಂಡು ಮೆಲ್ಲಗೆ ಮುಂದಕ್ಕೆ ಜಾರಿತು, ಟ್ರೇಲರ್ ವಾಲಿದ ಕಡೆಗೆ. ಅದರ ಹಿಂದೆ ಇನ್ನೊಂದು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಕಿಟಕಿಯ ಹತ್ತಿರ ಬಂದಾಗ ಪ್ಲೈವುಡ್ಡಿನ ಹಿಂದೆ ಮಾಯವಾಯಿತು. ನುಗ್ಗಿದ ಜಾಗಕ್ಕೂ ಕಲೆಗೂ ಟೇಪ್ ಹಿಡಿದೆವು. ಏಳು ಅಡಿ.

ರೈಲಿನ ಆ ತುದಿಯ ಮೂರು ಸ್ಕ್ರೂ ತೆಗೆದೆವು. ಮಾಮೂಲಿ ಕಬ್ಬಿಣದ ಸ್ಕ್ರೂ. ತಲೆ ಮಾತ್ರ ಉಳಿದಿತ್ತು, ಕತ್ತು ತುಕ್ಕು ಹಿಡಿದು ಊದಿನಕಡ್ಡಿಯಷ್ಟು ಸಣ್ಣಗಾಗಿತ್ತು. ರೈಲಿನ ಅಡಿಯಲ್ಲಿ ಸೀಲಿಂಗ್ ಅಂತ ಏನೂ ಹಾಕಿಯೇ ಇಲ್ಲ. ಮೇಲಿನ ಅಂಚಿಗೆ ಮಾತ್ರ ಸಿಲಿಕೋನ್ ಗೆರೆ ಎಳೆದಿದ್ದಾರೆ.

ಬಡಗಿ_ಮೈಸೂರುರಸ್ತೆ · ಅಕ್ಟೋಬರ್ 18

ತುಂಬಾ ಚೆನ್ನಾಗಿ ಹುಡುಕಿದ್ದೀರಿ ಅಕ್ಕ. ನಾನು ಟಿಂಬರ್ ಯಾರ್ಡ್ ಕಡೆ ಮರಗೆಲಸದವನು. ಈಗ ಮರದ ವಿಷಯ ಹೇಳುತ್ತೇನೆ.

ಮೈಕಾ ಅಂಟಿಸಿದ ಪ್ಲೈವುಡ್ ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಬೆರಳ ಗೆಣ್ಣಿನಿಂದ ಬಡಿಯಿರಿ. ಗಟ್ಟಿ ಇರುವ ಕಡೆ ಟಕ್ ಅನ್ನುತ್ತದೆ, ಲಡ್ಡು ಹಿಡಿದ ಕಡೆ ದಪ್ ಅನ್ನುತ್ತದೆ. ಆಮೇಲೆ ಒಳಗಿನ ಪ್ಲೈ ಬಿಚ್ಚಿ ರೀಪರ್‌ಗೆ ಸಣ್ಣ ಉಳಿಯ ಮೂಲೆ ಚುಚ್ಚಿ ಎತ್ತಿ. ಒಳ್ಳೆ ಮರ ಉದ್ದ ಸಿಬಿರಾಗಿ, ಸದ್ದು ಮಾಡಿ ಏಳುತ್ತದೆ. ಕೆಟ್ಟ ಮರ ಸದ್ದಿಲ್ಲದೆ ತುಂಡಾಗುತ್ತದೆ, ರಸ್ಕ್ ಮುರಿದ ಹಾಗೆ. ಕಣ್ಣಿಗೆ ಕಂಡ ಕೆಟ್ಟ ಭಾಗ ಮುಗಿದ ಮೇಲೂ ಒಂದು ಅಡಿ ಮುಂದೆ ಹೋಗಿ ಕತ್ತರಿಸಿ. ಕಲೆ ಕಾಣುವ ಮೊದಲೇ ಮರದ ಬಲ ಹೋಗಿರುತ್ತದೆ.

ಹೊಸ ಪ್ಲೈವುಡ್ ಕೊಳ್ಳುವಾಗ ಅಂಗಡಿಯವರು ವಾಟರ್‌ಪ್ರೂಫ್ ಅಂದರೆ ಅಷ್ಟಕ್ಕೇ ಬಿಡಬೇಡಿ. ಶೀಟಿನ ಮೇಲೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡಿ. ಅದು ಮರೈನ್ ಪ್ಲೈ. ಆ ದರ್ಜೆಯ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡುತ್ತಾರೆ. ಎಂಆರ್ (ತೇವ ಮಾತ್ರ ತಡೆಯುವ ದರ್ಜೆ) ಅಂತ ಬರೆದಿರುವ ಕಮರ್ಷಿಯಲ್ ಪ್ಲೈ ಮನೆಯೊಳಗಿನ ಬೀರುವಿಗೆ ಸಾಕು, ಗಾಡಿಗೆ ಬೇಡ. ಆದರೂ ಒಂದು ಮಾತು. ಮರೈನ್ ಪ್ಲೈ ಅಂದರೆ ಅಂಟು ಬಿಡುವುದಿಲ್ಲ ಅಂತ, ಕೊಳೆಯುವುದೇ ಇಲ್ಲ ಅಂತಲ್ಲ. ಕತ್ತರಿಸಿದ ಅಂಚಿಗೆಲ್ಲ ಎಪಾಕ್ಸಿ ಕುಡಿಸಿಯೇ ಕೂರಿಸಿ. ನೀರು ಮೊದಲು ಕುಡಿಯುವುದು ಅಂಚೇ.

ಗಾಲಿಮನೆ_ಆರ್‌ಆರ್‌ನಗರ · ನವೆಂಬರ್ 9

ದೀಪಾವಳಿ ಮುಗಿಸಿ ಗೋಡೆ ಬಿಚ್ಚಿದೆವು. ಎನ್95 ಮಾಸ್ಕ್, ಗ್ಲೌಸ್ ಹಾಕಿಕೊಂಡು, ಮಗಳನ್ನು ಅಜ್ಜಿ ಮನೆಗೆ ಕಳಿಸಿ. ಕಿಟಕಿಯ ಕೆಳಗಿನ ಪ್ಲೈ ಕೈಯಲ್ಲೇ ಪದರ ಪದರವಾಗಿ ಬಂತು, ಹಳೇ ಪುಸ್ತಕದ ಹಾಳೆ ಬಿಡಿಸಿದ ಹಾಗೆ. ಥರ್ಮಾಕೋಲಿನ ಹಿಂದೆ ಕಪ್ಪು ಬೂಷ್ಟು. ಮೂಲೆಯ ನಿಂತ ರೀಪರ್ ಕೆಳಗಿನ ಒಂದೂವರೆ ಅಡಿ ಪೂರ್ತಿ ಹೋಗಿದೆ. ಸ್ಪೂನ್‌ನಲ್ಲಿ ಕೆರೆದು ತೆಗೆಯಬಹುದು. ನೆಲದ ಪ್ಲೈ ಎರಡು ಅಡಿ ಚೌಕದಷ್ಟು ಮೆತ್ತಗಾಗಿದೆ. ಮೇಲಿನ ಉದ್ದ ರೀಪರ್ ಮಾತ್ರ ಒದ್ದೆ ಇದೆ, ಆದರೆ ಗಟ್ಟಿ ಇದೆ. ಉಳಿ ಹಾಕಿದರೆ ಉದ್ದ ಸಿಬಿರು ಬಂತು. ಅಷ್ಟಾದರೂ ಉಳಿಯಿತಲ್ಲ ಅಂತ ಸಮಾಧಾನ.

ಮನೆಯವರು ಮುಂದಿನ ಭಾನುವಾರ ಮುಚ್ಚಿಬಿಡೋಣ ಅನ್ನುತ್ತಿದ್ದಾರೆ. ಮುಚ್ಚಬಹುದಾ?

ಹೊಸಕೋಟೆ_ಪಯಣ · ನವೆಂಬರ್ 9

ದಯವಿಟ್ಟು ಬೇಡ ಮೇಡಂ. ನಮ್ಮದು ಕೈ ತಪ್ಪಿದ್ದೇ ಹಾಗೆ. ಒಂದು ಶೆಡ್‌ಗೆ ಕೊಟ್ಟಿದ್ದೆವು. ಒಂದೇ ವಾರದಲ್ಲಿ ಕೆಟ್ಟದ್ದು ಕತ್ತರಿಸಿ, ಹೊಸ ಪ್ಲೈ ಹೊಡೆದು, ಮೇಲೆ ಮೈಕಾ ಅಂಟಿಸಿ ಕೊಟ್ಟರು. ಹೊಳೆಯುತ್ತಿತ್ತು. ಒಳಗಿನ ರೀಪರ್ ಹಸಿ ಇದ್ದದ್ದನ್ನು ಯಾರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಎಂಟು ತಿಂಗಳಿಗೆ ಹಿಂದಿನ ಗೋಡೆ ಕೈಯಲ್ಲಿ ತಳ್ಳಿದರೆ ಅಲ್ಲಾಡುತ್ತಿತ್ತು. ಕೊನೆಗೆ ಚಾಸಿ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿದೆವು. ಆ ಗಾಡಿಯಲ್ಲಿ ಮಕ್ಕಳ ಜೊತೆ ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು, ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಹೋಗಿದ್ದೆವು. ಗುಜರಿಯವನು ಗೋಡೆ ಒಡೆಯುವಾಗ ನೋಡುವುದಕ್ಕೆ ಆಗಲಿಲ್ಲ.

ಸಿವಿಲ್_ಜಯನಗರ · ನವೆಂಬರ್ 10

ಸರಿಯಾಗಿ ಹೇಳಿದ್ದಾರೆ. ಮೇಡಂ, ನಿಮ್ಮ ಅದೃಷ್ಟಕ್ಕೆ ಕಾಲ ಸರಿಯಾಗಿದೆ. ನವೆಂಬರ್ ದಾಟಿದರೆ ಬೆಂಗಳೂರಿನ ಗಾಳಿ ಒಣಗುತ್ತಾ ಹೋಗುತ್ತದೆ, ಫೆಬ್ರವರಿ ಮಾರ್ಚ್‌ನಲ್ಲಿ ಪೂರ್ತಿ ಒಣ. ಛಾವಣಿಗೆ ಟಾರ್ಪಾಲ್ ಕಟ್ಟಿ, ಆದರೆ ಗೋಡೆಗೆ ಸುತ್ತಬೇಡಿ. ಗಾಳಿ ಆಡಬೇಕು. ಒಂದು ಟೇಬಲ್ ಫ್ಯಾನ್ ಹಗಲು ಹೊತ್ತು ಒದ್ದೆ ರೀಪರ್ ಕಡೆಗೆ ತಿರುಗಿಸಿಡಿ. ರೂಮ್ ಹೀಟರ್ ಹತ್ತಿರ ಇಟ್ಟು ಒಂದೇ ಸಲ ಕಾಯಿಸಬೇಡಿ, ಮರ ಸೀಳುತ್ತದೆ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಮೀಟರ್ ಚುಚ್ಚಿ ಬರೆದಿಡಿ. ಮೂರು ವಾರ ನಂಬರ್ ಬದಲಾಗದೆ ನಿಂತರೆ, ಅದು ಬಲಗಡೆ ಗೋಡೆಯ ನಂಬರಿಗೆ ಸಮ ಬಂದರೆ, ಆಗ ಮುಚ್ಚಿ.

ಬಡಗಿ_ಮೈಸೂರುರಸ್ತೆ · ನವೆಂಬರ್ 10

ಒಣಗುವುದಕ್ಕೆ ಬಿಡುವ ಮೊದಲು ಒಂದು ಕೆಲಸ ಇದೆ ಅಕ್ಕ. ಉಳಿಸಿಕೊಳ್ಳುವ ಮರಕ್ಕೆ ಬೋರಿಕ್ ಪೌಡರ್ ಮತ್ತು ಬೋರಾಕ್ಸ್ ಬಿಸಿ ನೀರಿನಲ್ಲಿ ಕರಗಿಸಿ ಬ್ರಷ್‌ನಿಂದ ಎರಡು ಮೂರು ಸಲ ಕುಡಿಸಿ. ಕೇರಂ ಬೋರ್ಡಿಗೆ ಹಾಕುವ ಅದೇ ಬೋರಿಕ್ ಪೌಡರ್. ಬೋರಾಕ್ಸ್ ಅಂದರೆ ಹಳಬರು ಬಿಳಿಗಾರ ಅನ್ನುವುದು. ಮರ ಸ್ವಲ್ಪ ಹಸಿ ಇರುವಾಗಲೇ ಅದು ಒಳಕ್ಕೆ ಇಳಿಯುತ್ತದೆ. ಬೂಷ್ಟಿಗೂ ಗೆದ್ದಲಿಗೂ ಆಗುತ್ತದೆ. ಮಳೆ ನೀರಿಗೆ ಸಿಕ್ಕರೆ ಮಾತ್ರ ತೊಳೆದು ಹೋಗುತ್ತದೆ, ಗೋಡೆಯೊಳಗಿನ ಮರಕ್ಕೆ ಸರಿ. ಮಗುವಿನ ಕೈಗೆ ಸಿಗದ ಹಾಗೆ ಇಡಿ.

ಗಾಲಿಮನೆ_ಆರ್‌ಆರ್‌ನಗರ · ಜನವರಿ 19

ಸಂಕ್ರಾಂತಿ ಹೊತ್ತಿಗೆ ಆ ಉದ್ದ ರೀಪರ್ 29ರಿಂದ 11ಕ್ಕೆ ಇಳಿದಿದೆ. ಮೂರು ವಾರದಿಂದ 11ರಲ್ಲೇ ನಿಂತಿದೆ. ಮುಗ್ಗಲು ವಾಸನೆಯೂ ಹೋಗಿದೆ. ಈಗ ಸೀಲಿಂಗ್‌ಗೆ ಏನು ಹಾಕಲಿ? ಮನೆಯಲ್ಲಿ ಎಂ-ಸೀಲ್ ಇದೆ, ಸಿಲಿಕೋನ್ ಇದೆ.

ಟೂಬಿಂಗ್_ಟೇಪು · ಜನವರಿ 19

ಎರಡೂ ಬೇಡ ಮೇಡಂ. ಎಂ-ಸೀಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಗಾಡಿ ಕುಲುಕಿದರೆ ಬಿಡುತ್ತದೆ. ಸಿಲಿಕೋನ್‌ನ ದೊಡ್ಡ ತೊಂದರೆ ಏನೆಂದರೆ ಒಂದು ಸಲ ಹಚ್ಚಿದ ಮೇಲೆ ಆ ಜಾಗಕ್ಕೆ ಬೇರೆ ಯಾವುದೂ ಅಂಟುವುದಿಲ್ಲ. ಹೊಸ ಸಿಲಿಕೋನ್ ಕೂಡ ಹಳೆಯದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಹಚ್ಚುವಾಗ ವಿನಿಗರ್ ವಾಸನೆ ಬರುತ್ತದಲ್ಲ, ಆ ಥರದ್ದು ಆಸಿಡ್ ಬಿಡುತ್ತದೆ, ಲೋಹಕ್ಕೆ ಒಳ್ಳೆಯದಲ್ಲ. ಹಳೇ ಸಿಲಿಕೋನ್ ಪೂರ್ತಿ ಹೋಗಬೇಕು. ಹಳೇ ಎಟಿಎಂ ಕಾರ್ಡ್ ಅಥವಾ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಕೈ ಆಡಿಸಿದರೆ ಜಾರಬಾರದು.

ರೈಲಿನ ಅಡಿಗೆ ಬ್ಯುಟೈಲ್ ಟೇಪ್ ಹಾಕಿ. ಚೂಯಿಂಗ್ ಗಮ್ ಥರ ಇರುವ ಅಂಟು ಪಟ್ಟಿ. ಅದು ಒಣಗಿ ಗಟ್ಟಿಯಾಗುವುದಿಲ್ಲ, ಗಾಡಿ ಕುಲುಕಿದರೆ ಜೊತೆಗೇ ಹಿಗ್ಗುತ್ತದೆ. ಸ್ಕ್ರೂ ಒಂದೇ ಸಲ ಪೂರ್ತಿ ಬಿಗಿಯಬೇಡಿ. ಮೊದಲ ದಿನ ಟೇಪ್ ಸ್ವಲ್ಪ ಅಂಚಿನಿಂದ ಉಬ್ಬುವಷ್ಟು. ಮಾರನೇ ದಿನ ಬಿಸಿಲು ಬಿದ್ದ ಮೇಲೆ ಮೆತ್ತಗಾಗಿರುತ್ತದೆ, ಆಗ ಇನ್ನೊಂದು ಸುತ್ತು. ಮೂರನೇ ದಿನ ಇನ್ನೊಂದು. ಹೊರಗೆ ಬಂದದ್ದನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕತ್ತರಿಸಿ, ಆ ಅಂಚಿನ ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ಎಳೆಯಿರಿ. ಕಾರಿನ ಮುಂದಿನ ಗಾಜು ಅಂಟಿಸುವುದಕ್ಕೆ ಬಳಸುವ ಜಾತಿಯದು, ಜೆ.ಸಿ. ರಸ್ತೆಯಲ್ಲಿ ಕೇಳಿ. ಸ್ಕ್ರೂ 304 ಸ್ಟೇನ್‌ಲೆಸ್ ಸ್ಟೀಲ್‌ನದ್ದೇ ಆಗಲಿ, ಒಂದೊಂದನ್ನೂ ಸೀಲಂಟ್‌ನಲ್ಲಿ ಅದ್ದಿ ಹಾಕಿ. ಹಳೇ ತೂತು ದೊಡ್ಡದಾಗಿದ್ದರೆ ಎಪಾಕ್ಸಿಯಲ್ಲಿ ಅದ್ದಿದ ಮರದ ಕಡ್ಡಿ ಹೊಡೆದು ಮುಚ್ಚಿ, ಪಕ್ಕದಲ್ಲಿ ಹೊಸ ತೂತು ಹಾಕಿ.

ಗಾಲಿಮನೆ_ಆರ್‌ಆರ್‌ನಗರ · ಫೆಬ್ರವರಿ 16

ನಾಲ್ಕು ಭಾನುವಾರದ ಕೆಲಸ. ಬಡಗಿ ಅಣ್ಣ ಹೇಳಿದ ಹಾಗೆ ಮೂಲೆಯ ರೀಪರ್ ಎರಡೂವರೆ ಅಡಿ ಎತ್ತರಕ್ಕೆ ಕತ್ತರಿಸಿದೆವು. ಹೊಸ ಹೊನ್ನೆ ತುಂಡನ್ನು ಓರೆ ಜೋಡಣೆಯಲ್ಲಿ ಕೂರಿಸಿ, ಪಕ್ಕದಲ್ಲಿ ಇನ್ನೊಂದು ಜೋಡಿ ಪಟ್ಟಿ ಕೊಟ್ಟೆವು. ನೆಲದ ಮೆತ್ತಗಾದ ಭಾಗವನ್ನು ಚಾಸಿಯ ಅಡ್ಡಪಟ್ಟಿ ಸಿಗುವ ತನಕ ತೆಗೆದು ಮರೈನ್ ಪ್ಲೈ ಹಾಕಿದೆವು. ಒಳಗಿನ ಗೋಡೆಯ ಕೆಳಗಿನ ಒಂದು ಅಡಿಗೆ ಈ ಸಲ ಮೈಕಾ ಅಂಟಿಸಲಿಲ್ಲ. ಸ್ಕ್ರೂ ಬಿಚ್ಚಿದರೆ ಬರುವ ಹಾಗೆ ಬೇರೆ ಹಲಗೆ ಮಾಡಿದ್ದೇವೆ. ಅನುಮಾನ ಬಂದಾಗ ತೆಗೆದು ನೋಡಬಹುದು.

ರೈಲು ಇಡೀ ಬಿಚ್ಚಿ ಮತ್ತೆ ಕೂರಿಸಿದೆವು. ಒಟ್ಟು 19 ಸ್ಕ್ರೂ. ಅದರಲ್ಲಿ 11 ತುಕ್ಕು ಹಿಡಿದಿದ್ದವು. ಸೋರುತ್ತಿದ್ದದ್ದು ಮೂರೇ, ಆದರೆ ಉಳಿದವೂ ಸರದಿಯಲ್ಲಿದ್ದವು. ಮೂಲೆಯ ಲೈಟನ್ನೂ ಗಾಳಿಕಿಂಡಿಯನ್ನೂ ಅದೇ ಥರ ಎತ್ತಿ ಬ್ಯುಟೈಲ್ ಹಾಕಿ ಕೂರಿಸಿದೆವು. ನಿಲ್ಲಿಸುವ ಜಾಗವನ್ನೂ ಬದಲಾಯಿಸಿದೆವು. ಮಳೆಮರದ ಅಡಿಯಿಂದ ಆಚೆಗೆ. ಬಲ ಹಿಂದಕ್ಕೆ ಸ್ವಲ್ಪ ವಾಲುವ ಹಾಗೆ ಚಕ್ರದ ಕೆಳಗೆ ಹಲಗೆ ಇಟ್ಟಿದ್ದೇವೆ. ಈಗ ಛಾವಣಿಯಲ್ಲಿ ನೀರು ನಿಲ್ಲುವುದಿಲ್ಲ.

ಗಾಲಿಮನೆ_ಆರ್‌ಆರ್‌ನಗರ · ಏಪ್ರಿಲ್ 21

ಮತ್ತೆ ನೀರು. ಮನಸ್ಸಿಗೆ ತುಂಬಾ ಬೇಜಾರಾಗಿದೆ. ಮೇಲುಕೋಟೆಗೆ ಹೋಗಿ ಬರುವಾಗ ಮಂಡ್ಯ ದಾಟಿದ ಮೇಲೆ ಜೋರು ಮಳೆ ಹಿಡಿಯಿತು. ಮನೆಗೆ ಬಂದು ನೋಡಿದರೆ ಎಡಗಡೆ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಮಣ್ಣು ಬಣ್ಣದ ನೀರು. ಮುಂದಿನ ಮೂಲೆ ಒಣ ಇದೆ, 12. ಹೋದ ವಾರ ಮನೆ ಹತ್ತಿರ ನಿಂತಿದ್ದಾಗ ಅಷ್ಟು ಮಳೆ ಬಂದರೂ ಒಂದು ಹನಿ ಬಂದಿರಲಿಲ್ಲ.

ಕಲಾಸಿಪಾಳ್ಯ_ಬಾಡಿಕೆಲಸ · ಏಪ್ರಿಲ್ 21

ಬೇಜಾರು ಮಾಡ್ಕೊಬೇಡಿ ಮೇಡಂ. ಉತ್ತರ ನೀವೇ ಬರೆದಿದ್ದೀರಿ. ನಿಂತಾಗ ಇಲ್ಲ, ಓಡಿಸಿದಾಗ ಇದೆ, ಅದೂ ಮಣ್ಣು ನೀರು. ಛಾವಣಿಯ ನೀರಿನಲ್ಲಿ ಎಲೆ, ಧೂಳು ಇರುತ್ತದೆ, ರಸ್ತೆಯ ಮಣ್ಣು ಇರುವುದಿಲ್ಲ. ಇದು ಟೈರ್ ಎರಚಿದ ನೀರು. ಚಕ್ರದ ಮೇಲಿನ ವೀಲ್ ಆರ್ಚ್ ತಗಡು ನೆಲದ ಪ್ಲೈಗೆ ಸೇರುವ ಕಡೆ ಸಂದು ಬಿಟ್ಟಿರಬೇಕು. ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಬಿಚ್ಚಿ. ಬರೀ ಜ್ಯಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಕೆಳಗಿನಿಂದ ಮೇಲಕ್ಕೆ ಪೈಪ್ ಹಿಡಿದು ನೋಡಿ. ವೈರು ಒಳಗೆ ಹೋಗುವ ತೂತು ಇದ್ದರೆ ಅದನ್ನು ಮೊದಲು ನೋಡಿ.

ಗಾಲಿಮನೆ_ಆರ್‌ಆರ್‌ನಗರ · ಏಪ್ರಿಲ್ 26

ವೈರ್ ತೂತೇ, ಅಣ್ಣ. ಹಿಂದಿನ ಲೈಟಿಗೆ ಹೋಗುವ ವೈರು ಹೆಬ್ಬೆರಳಷ್ಟು ತೂತಿನಲ್ಲಿ ಸುಮ್ನೆ ತೂರಿಸಿತ್ತು, ರಬ್ಬರ್ ಬುಶ್ ಇಲ್ಲ. ತಗಡಿನ ಅಂಚಿನಲ್ಲಿ ಹಳೇ ಪುಟ್ಟಿ ಉದುರಿ ಒಂದು ಗೇಣು ಸಂದು. ಪೈಪ್ ಹಿಡಿದ ಎರಡೇ ನಿಮಿಷಕ್ಕೆ ಪೆಟ್ಟಿಗೆಯೊಳಗೆ ನೀರು. ನೆಲದ ಪ್ಲೈ ಬಡಿದು, ಚುಚ್ಚಿ ನೋಡಿದೆವು. ಇನ್ನೂ ಗಟ್ಟಿ ಇದೆ. ಎರಡು ದಿನ ಫ್ಯಾನ್ ಹಾಕಿ ಒಣಗಿಸಿ, ವೈರಿಗೆ ರಬ್ಬರ್ ಬುಶ್ ಹಾಕಿ, ಸುತ್ತ ಪಿಯು ಹಚ್ಚಿದೆವು. ಪ್ಲೈನ ಅಡಿಮೈಗೆ ಎಪಾಕ್ಸಿ ಕೊಟ್ಟು, ಚಕ್ರದ ಹಿಂದೆ ಮಡ್‌ಫ್ಲಾಪ್ ಕೂಡ ಕಟ್ಟಿಸಿದ್ದೇವೆ.

ಗಾಲಿಮನೆ_ಆರ್‌ಆರ್‌ನಗರ · ಮೇ 8

ನಿನ್ನೆ ರಾತ್ರಿ ಭರಣಿ ಮಳೆ ಹೇಗೆ ಹೊಡೆಯಿತು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮಳೆ ನಿಲ್ಲುವ ಮೊದಲೇ ಕೊಡೆ ಹಿಡಿದು ಹೋಗಿ ಟ್ರೇಲರ್ ಒಳಗೆ ಕೂತೆ. ಕೆಳಗಿನ ಹಲಗೆ ಬಿಚ್ಚಿ ಟಾರ್ಚ್ ಹಾಕಿದೆ. ಬೋರಿಕ್ ಪೌಡರಿನ ಬಿಳಿ ಗೆರೆ ಬಳಿದ ಹಾಗೇ ಇದೆ, ಎಲ್ಲೂ ಕರಗಿಲ್ಲ. ಬೆಳಗ್ಗೆ ಮನೆಯವರು ಅದೇ ಮಳೆಯ ನೀರು ನಿಂತ ರಸ್ತೆಯಲ್ಲಿ ಕೆಂಗೇರಿ ತನಕ ಎಳೆದುಕೊಂಡು ಹೋಗಿ ಬಂದರು. ಪೆಟ್ಟಿಗೆ ಒಣಗಿದೆ.

ಮೀಟರ್ ಎಡ ಮೂಲೆಯಲ್ಲಿ 13, ಬಲ ಮೂಲೆಯಲ್ಲಿ 13. ಮಗಳ ಹಾಸಿಗೆ ವಾಪಸ್ ಹಾಕಿದ್ದೇನೆ. ಶನಿವಾರ ಹೊರಡುತ್ತೇವೆ.